ಗುಡಾಣದೊಳಗಿನ ಸಂಜೆಗಳು

ಬಹಳ ಬಹಳ ಹಿಂದೆ, ನಮ್ಮಜ್ಜಿಯ ಅಜ್ಜಿ ಇನ್ನೂ ತೊಟ್ಟಿಲಿಗೆ ಬರುವ ಮೊದಲು, ಹೊಳಲಾವತಿ ಎಂಬ ಒಂದು ರಾಜ್ಯವಿತ್ತು. ಅಲ್ಲಿ ಕೋಟೆ ಇತ್ತು, ಅರಮನೆ ಇತ್ತು, ಆನೆ ಕುದುರೆಗಳಿದ್ದವು. ಅವು ಯಾವ ರಾಜ್ಯದಲ್ಲಿ ಇರುವುದಿಲ್ಲ ಹೇಳಿ? ಹೊಳಲಾವತಿಯ ಹೆಸರು ಹತ್ತು ದೇಶಕ್ಕೆ ಹಬ್ಬಿದ್ದು ಅಲ್ಲಿಯ ಸಂಜೆಯಿಂದ.

ಎಂಥ ಸಂಜೆ ಅಂತೀರಿ! ಹೊಲದಿಂದ ದನಗಳು ಧೂಳೆಬ್ಬಿಸಿಕೊಂಡು ಬರುತ್ತಿದ್ದವು. ಆ ಧೂಳಿನ ಮೇಲೆ ಬಿಸಿಲು ಬಿದ್ದು ಬೀದಿಗೆ ಬೀದಿಯೇ ಅರಿಸಿನ ಹಚ್ಚಿಕೊಂಡಂತೆ ಕಾಣುತ್ತಿತ್ತು. ಹುಣಸೆ ಮರದಲ್ಲಿ ಗುಬ್ಬಿಗಳ ಗಲಾಟೆ, ಅಂಗಳದಲ್ಲಿ ಹುಡುಗಿಯರ ಕುಂಟಬಿಲ್ಲೆ, ಯಾರದೋ ಮನೆಯ ಒಗ್ಗರಣೆಯ ವಾಸನೆ. ಮುದುಕರು ಕಟ್ಟೆಯ ಮೇಲೆ ಕುಳಿತು ನೂರು ಸಲ ಹೇಳಿದ್ದನ್ನೇ ನೂರಾ ಒಂದನೇ ಸಲ ಹೇಳುತ್ತಿದ್ದರು, ಕೇಳುವವರು ಹೊಸದಾಗಿ ಕೇಳಿದಂತೆ ತಲೆದೂಗುತ್ತಿದ್ದರು. ಈಗಿನವರಿಗೆ ಇದನ್ನೆಲ್ಲ ಹೇಳಿದರೆ ಇದರಲ್ಲೇನಿದೆ ಎನ್ನುತ್ತಾರೆ. ಇಲ್ಲದೆ ಹೋದಾಗಲೇ ಗೊತ್ತಾಗುವುದು, ಏನಿತ್ತು ಎಂದು.

ಆ ಸಂಜೆಗೆ ಇನ್ನೊಂದು ಗುಣವಿತ್ತು. ಅದು ಹಗಲೂ ಅಲ್ಲ, ಇರುಳೂ ಅಲ್ಲ. ಮನೆಮನೆಯಲ್ಲೂ ದೇವರ ಮುಂದೆ ದೀಪ ಹಚ್ಚುವ ಆ ಹೊತ್ತಿನಲ್ಲಿ ಯಾವ ಮಾಟವೂ ನಿಲ್ಲುತ್ತಿರಲಿಲ್ಲ. ಬೆಳಿಗ್ಗೆ ಕಟ್ಟಿದ ಮಾಟ ಎಷ್ಟೇ ಗಟ್ಟಿಯಿದ್ದರೂ ಸಂಜೆಗೆ ತಾನಾಗಿಯೇ ಬಿಚ್ಚಿಕೊಳ್ಳುತ್ತಿತ್ತು.

ಹೀಗಿರುವಾಗ ಧೂಮಕೇತ ಎಂಬ ಮಾಂತ್ರಿಕ ಆ ರಾಜ್ಯಕ್ಕೆ ಬಂದ. ಬೆಳಿಗ್ಗೆ ಅರಸನನ್ನು ಆಡು ಮಾಡಿದ. ಸಂಜೆಗೆ ಆಡು ಅರಸನಾಗಿ ಎದ್ದು ನಿಂತಿತು. ಮರುದಿನ ಮಂತ್ರಿಯನ್ನು ಕಲ್ಲು ಮಾಡಿದ. ಸಂಜೆಗೆ ಕಲ್ಲು ಕೆಮ್ಮಿತು. ಧೂಮಕೇತ ಯೋಚಿಸಿದ. ಈ ನಾಡನ್ನು ಆಳಬೇಕಾದರೆ ಮೊದಲು ಸಂಜೆಯನ್ನು ಕದಿಯಬೇಕು.

ಮಾಟದ ಪಾತ್ರೆಯಲ್ಲಿ ಸಂಜೆ ನಿಲ್ಲುವುದಿಲ್ಲ. ಅದಕ್ಕೆ ದುಡಿದ ಕೈ ಮಾಡಿದ ಪಾತ್ರೆಯೇ ಬೇಕು. ಹಾಗಾಗಿ ಅವನು ಕೆರೆಯ ದಂಡೆಯ ಕುಂಬಾರ ಬಸವಂತನ ಮನೆಗೆ ಬಂದು, ಅರಮನೆಯ ನೀರಿಗೆಂದು ಸುಳ್ಳು ಹೇಳಿ ಒಂದು ದೊಡ್ಡ ಗುಡಾಣ ಮಾಡಿಸಿಕೊಂಡ. ಅಂದು ಸೂರ್ಯ ಇಳಿಯುವ ಹೊತ್ತಿಗೆ ಆ ಗುಡಾಣದೊಂದಿಗೆ ಕೋಟೆಯ ಬುರುಜಿನ ಮೇಲೆ ನಿಂತು ಮೂಳೆಯ ಶಂಖ ಊದಿದ. ಬೀದಿ ಬಯಲುಗಳಲ್ಲಿ ಹರಡಿದ್ದ ಸಂಜೆಯೆಲ್ಲ ಹೊಂಬಣ್ಣದ ಹೊಗೆಯಾಗಿ ಎದ್ದು ಬಂದು ಗುಡಾಣದೊಳಗೆ ಇಳಿಯಿತು. ಅವನು ಮಣ್ಣಿನ ಮುಚ್ಚಳ ಹಾಕಿ ಹೊರಗಿನಿಂದ ಮಂತ್ರ ಕಟ್ಟಿದ. ಹಗಲು ಇದ್ದದ್ದು ಇದ್ದಂತೆಯೇ ಕತ್ತಲೆಯಾಯಿತು. ಅಂದಿನಿಂದ ದಿನದಿನದ ಸಂಜೆಯನ್ನೂ ಹೀಗೇ ಕದ್ದ.

ತನ್ನ ಕೈಯ ಗುಡಾಣ ಇಂಥ ಕೆಲಸಕ್ಕೆ ಹೋಯಿತೆಂದು ತಿಳಿದ ಬಸವಂತ ಮರುದಿನ ದೊಣ್ಣೆ ಹಿಡಿದು ಅದನ್ನು ಒಡೆಯಲು ಹೋದ. ಧೂಮಕೇತ ಅವನನ್ನು ಕೊಕ್ಕರೆ ಮಾಡಿದ. ಅವನನ್ನು ಮನುಷ್ಯನನ್ನಾಗಿ ಮಾಡಲು ಸಂಜೆ ಬರಬೇಕಿತ್ತು. ಸಂಜೆ ಬರಲಿಲ್ಲ.

ಬಸವಂತನ ಹೆಂಡತಿ ಹಾಲವ್ವ. ಮದುವೆಯಾಗಿ ಆಗಿನ್ನೂ ಒಂದು ವರ್ಷ. ಅವಳ ಗಂಡ ಕೆರೆಯಲ್ಲಿ ಒಂಟಿ ಕಾಲಿನ ಮೇಲೆ ನಿಂತು ಏಳು ವರ್ಷ ಕಳೆದ. ಹಾಲವ್ವ ದಿನಾ ಕೆಲಸ ಮುಗಿಸಿ ದಂಡೆಗೆ ಹೋಗಿ, ಅಂದು ಎಷ್ಟು ಮಡಿಕೆ ಆದವು, ಯಾರು ಯಾರ ಜೊತೆ ಜಗಳವಾಡಿದರು ಎಂದೆಲ್ಲ ಅವನಿಗೆ ಹೇಳಿ ಬರುತ್ತಿದ್ದಳು. ಕೊಕ್ಕರೆ ಕತ್ತು ಓರೆ ಮಾಡಿ ಕೇಳುತ್ತಿತ್ತು.

ಈ ಏಳು ವರ್ಷದಲ್ಲಿ ಧೂಮಕೇತನಿಗೆ ಏನಾದರೂ ಕೆಡುಕಾಯಿತೇ? ಒಂದು ತಲೆನೋವೂ ಬರಲಿಲ್ಲ. ಏಳು ಉಪ್ಪರಿಗೆಯ ಮನೆ ಕಟ್ಟಿಸಿದ. ಅವನು ಬಂದರೆ ಅರಸನೇ ಎದ್ದು ನಿಲ್ಲಬೇಕು. ಅವನ ಕಾಲು ಒತ್ತಿದವರು ಪಲ್ಲಕ್ಕಿ ಏರಿದರು, ಎದುರು ಮಾತಾಡಿದವರು ಹಕ್ಕಿಯೋ ಹುಳವೋ ಆದರು. ಊರಿನ ಜನ ದೇವರಿಗೆ ದೀಪ ಹಚ್ಚುವುದನ್ನು ಬಿಟ್ಟರು. ಹಾಲವ್ವ ಮಾತ್ರ ಹೊತ್ತನ್ನು ಅಂದಾಜು ಮಾಡಿ, ಹಗಲು ಮುಗಿಯುವ ಮೊದಲೇ ಶಿವನ ಗೂಡಿನಲ್ಲಿ ಒಂದು ಹಣತೆ ಹಚ್ಚುತ್ತಿದ್ದಳು.

"ಯಾವ ಸಂಜಿಗೆ ದೀಪ ಹಚ್ಚಾಕತ್ತೀಯವ್ವಾ?" ಎಂದು ಪಕ್ಕದ ಮನೆಯ ಮುದುಕಿ ರುದ್ರವ್ವ ಕೆಣಕುತ್ತಿದ್ದಳು. "ಎಣ್ಣಿ ದಂಡ. ನಿನ್ನ ಶಿವ ಧೂಮಕೇತನ ಉಪ್ಪರಿಗ್ಯಾಗ ಊಟಕ್ಕ ಕುಂತಿರಬೇಕು."

"ಕುಂತಿದ್ರೂ ಕುಂತಿರಲಿ ಅತ್ತಿ," ಎನ್ನುತ್ತಿದ್ದಳು ಹಾಲವ್ವ. "ಎದ್ದು ಬರೂ ಮುಂದ ದಾರಿ ಕಾಣಬೇಕಲ್ಲ."

ಒಂದು ದಿನ ಧೂಮಕೇತ ಅವಳ ಬಾಗಿಲಿಗೇ ಬಂದ. ಹಳೆಯ ಗುಡಾಣ ತುಂಬುತ್ತ ಬಂದಿತ್ತು.

"ಎಲೇ ಕುಂಬಾರ್ತಿ, ಗುಡಾಣದಲ್ಲಿ ಇನ್ನು ಇಪ್ಪತ್ತೊಂಬತ್ತು ಸಂಜೆಗೆ ಮಾತ್ರ ಜಾಗವಿದೆ. ನೂರು ವರ್ಷದ ಸಂಜೆ ಹಿಡಿಯುವ ಹೊಸ ಗುಡಾಣ ನನಗೆ ಬೇಕು. ಹೊಳೆಯ ಮಡುವಿನ ಮಣ್ಣು, ಗುಡ್ಡದ ಗವಿಯ ಮಣ್ಣು, ಹಾಳು ಗುಡಿಯ ಹುತ್ತದ ಮಣ್ಣು, ಮೂರನ್ನೂ ಕೂಡಿಸಿ ಮಾಡು."

ಹಾಲವ್ವ ಬೆರಳು ಮಡಚಿ ಲೆಕ್ಕ ಹಾಕಿದಳು. ಮಣ್ಣು ತರಬೇಕು, ತುಳಿದು ಹದ ಮಾಡಬೇಕು, ಕಟ್ಟಬೇಕು, ನೆರಳಲ್ಲಿ ಆರಿಸಬೇಕು, ಮೂರು ದಿನ ಆವಿಗೆಯಲ್ಲಿ ಸುಡಬೇಕು. "ಮೂವತ್ತನೇ ದಿನ ಮುಂಜಾನಿ ಆವಿಗಿ ತೆಗೀಬಹುದ್ರಿ. ಅದಕ್ಕಿಂತ ಮೊದಲ ಆಗೂದಿಲ್ಲ."

"ಸರಿಯಾಗಿ ಹೊಂದಿತು," ಎಂದು ಅವನು ನಕ್ಕ. "ನೆನಪಿರಲಿ, ಮಂತ್ರ ಕಟ್ಟಿದ್ದೇನೆ, ಗುಡಾಣ ಬಿರುಕು ಬಿಟ್ಟರೆ ಆ ಕೊಕ್ಕರೆಯ ಕತ್ತು ಅಲ್ಲೇ ಮುರಿಯುತ್ತದೆ."

ಅವನು ಹೋದ ಮೇಲೆ ಹಾಲವ್ವ ಮಡಿಕೆ ತಿರುಗಿಸುವ ತಿಗುರಿಯ ಮುಂದೆ ಕುಸಿದು ಕುಳಿತಳು. ಗುಡಾಣ ಚೆನ್ನಾಗಿ ಬಂದರೆ ನೂರು ವರ್ಷ ಸಂಜೆಯಿಲ್ಲ, ಗಂಡ ಕೊಕ್ಕರೆಯಾಗಿಯೇ ಸಾಯುತ್ತಾನೆ. ಕೆಟ್ಟರೆ ಅಂದೇ ಸಾಯುತ್ತಾನೆ. ಯಾವ ಕಡೆ ಹೆಜ್ಜೆಯಿಟ್ಟರೂ ಬಾವಿಯೇ.

ರುದ್ರವ್ವ ಗುಟ್ಟಾಗಿ ಬಂದು, "ಮಣ್ಣಾಗ ನಾಕು ಸುಣ್ಣದ ಹರಳ ಹಾಕು. ಇವತ್ತಲ್ಲ ನಾಳಿ ಸಿಡೀತದ," ಎಂದಳು.

"ಸಿಡಿದರ ಅವರ ಕತ್ತು ಹೋಗ್ತದ ಅತ್ತಿ. ನಾ ಸುಳ್ಳು ಗಡಿಗಿ ಮಾಡಾಕಿ ಅಲ್ಲ. ಮಾಡೂದು ಮಾಡ್ತೀನಿ. ಮುಂದಿಂದು ಶಿವ ನೋಡಿಕೊಳ್ಳಲಿ."

ಮೊದಲ ದಿನ ಹಾಲವ್ವ ಬುಟ್ಟಿ ಹೊತ್ತು ಹೊಳೆಯ ಮಡುವಿಗೆ ಹೋದಳು. ಅಲ್ಲಿ ಮೊಸಳೆಯೊಂದು ಕಾವಲಿತ್ತು. ಅವಸರದಿಂದ ನೀರಿಗಿಳಿದವರನ್ನೆಲ್ಲ ಅದು ನುಂಗಿತ್ತು. ಹಾಲವ್ವ ಇಳಿಯಲಿಲ್ಲ. ಮೆಟ್ಟಿಲ ಮೇಲೆ ಕುಳಿತಳು. ಬಿಸಿಲು ನೆತ್ತಿಗೆ ಬಂತು, ನೆತ್ತಿಯಿಂದ ಇಳಿಯಿತು. ಕೊನೆಗೆ ಮೊಸಳೆಗೇ ಬೇಸರವಾಗಿ ಮೂತಿ ಎತ್ತಿತು.

"ಯಾಕ ಕುಂತೀ?"

"ನೀನು ಮಾತಾಡಲಿ ಅಂತ ಕುಂತೀನಪ್ಪಾ. ಮೊದಲ ಯಾರಿದ್ದೀ?"

ಮೊಸಳೆ ಮೂತಿಯನ್ನು ಮೆಟ್ಟಿಲ ಮೇಲಿಟ್ಟಿತು. "ಅಂಬಿಗ ಇದ್ದೆ," ಎಂದಿತು. "ದಿನದ ಕಡೀ ದೋಣಿ ನಂದು. ಸಂತಿಗೆ ಹೋದ ಹೆಣ್ಣುಮಕ್ಕಳು ಬುಟ್ಟಿ ಇಟ್ಟು, ಕಾಲು ನೀರಾಗ ಬಿಟ್ಟು ಹಾಡು ಹೇಳತಿದ್ರು. ನೀರು ಕೆಂಪಗ ಇರತಿತ್ತು. ಹುಟ್ಟು ಹಾಕೂದ ಮರತು ನಿಂತುಬಿಡತಿದ್ದೆ." ಅದರ ಕಣ್ಣಲ್ಲಿ ನೀರು ಬಂತು. ಮೊಸಳೆಯ ಕಣ್ಣೀರು ಎಂದು ನಗಬೇಡಿ, ಅದು ಅಂಬಿಗನ ಕಣ್ಣೀರು. "ತಗೊಂಡು ಹೋಗವ್ವಾ ಮಣ್ಣು," ಎಂದು ಅದು ಪಕ್ಕಕ್ಕೆ ಸರಿಯಿತು.

ಎರಡನೆಯ ದಿನ ಗುಡ್ಡದ ಗವಿಗೆ ಹೋದಳು. ಅಲ್ಲಿ ಹುಲಿ ಇತ್ತು. ಅದು ಕೋಟೆಬಾಗಿಲ ಕಾವಲುಗಾರನಾಗಿದ್ದ ಮನುಷ್ಯ. ಹಾಲವ್ವ ಕುಳಿತಳು, ಹುಲಿಯೂ ಕುಳಿತಿತು. ಗಂಟೆಗಟ್ಟಲೆ ಇಬ್ಬರೂ ಒಬ್ಬರನ್ನೊಬ್ಬರು ನೋಡಿದರು. ಆಮೇಲೆ ಹುಲಿ ನಿಟ್ಟುಸಿರು ಬಿಟ್ಟು, ತಾನು ಬಾಗಿಲು ಹಾಕಿ ಮನೆಗೆ ಹೋದಾಗ ಮಗಳು ಬೀದಿಯ ತುದಿಯಿಂದ ಓಡಿ ಬಂದು ಹೆಗಲೇರುತ್ತಿದ್ದಳೆಂದು ಹೇಳಿತು. "ಈಗ ಆಕಿ ಎಷ್ಟೆತ್ತರ ಆಗ್ಯಾಳೋ. ಹೆಗಲ ಮ್ಯಾಲೆ ಕೂಡೂ ವಯಸ್ಸು ದಾಟಿತು," ಎಂದಿತು. ಹುಲಿಯೇ ಎದ್ದು ಪಂಜದಿಂದ ಮಣ್ಣು ಕೆದರಿ ಅವಳ ಬುಟ್ಟಿ ತುಂಬಿಸಿತು.

ಮೂರನೆಯ ದಿನ ಹಾಳು ಗುಡಿಗೆ ಹೋದಳು. ಹುತ್ತದಿಂದ ಆಳೆತ್ತರದ ಸರ್ಪ ಹೆಡೆಯೆತ್ತಿ ಎದ್ದಿತು. ಇದು ಹಿಂದಿನವುಗಳಂತೆ ಅಳುವ ಪ್ರಾಣಿಯಾಗಿರಲಿಲ್ಲ. ಸಿಟ್ಟಿನಿಂದ ಬುಸುಗುಟ್ಟಿತು.

"ನಾನು ಈ ಗುಡಿಯ ಪೂಜಾರಿ. ನಲವತ್ತು ವರ್ಷ ಒಂದು ಸಂಜೆಯೂ ತಪ್ಪದೆ ಮಂಗಳಾರತಿ ಮಾಡಿದೆ. ಧೂಮಕೇತ ನನ್ನನ್ನು ಹಾವು ಮಾಡಿದಾಗ ನನ್ನ ಕೈಯಲ್ಲಿ ಆರತಿ ಉರಿಯುತ್ತಿತ್ತು. ಶಿವ ಎದುರಿಗೇ ಕುಳಿತಿದ್ದ, ನೋಡುತ್ತಿದ್ದ. ನೀನು ಅವನಿಗೆ ದಿನಾ ದೀಪ ಹಚ್ಚುವವಳಂತೆ. ಹೇಳು, ಯಾಕೆ ಸುಮ್ಮನಿದ್ದ? ಉತ್ತರ ಹೇಳು, ಇಲ್ಲವಾದರೆ ಕಚ್ಚುತ್ತೇನೆ."

ಹಾಲವ್ವ ಯೋಚಿಸಿದಳು. ಬೆಳಗಿನಿಂದ ಮಧ್ಯಾಹ್ನದವರೆಗೆ ಯೋಚಿಸಿದಳು. ಸರ್ಪವೂ ಹೆಡೆ ಇಳಿಸದೆ ಕಾಯಿತು.

"ನನಗ ಗೊತ್ತಿಲ್ರಿ ಅಯ್ಯಾವ್ರ," ಎಂದಳು ಕೊನೆಗೆ. "ಏಳು ವರ್ಷ ನಾನೂ ಇದನ್ನ ಕೇಳೀನಿ. ನನಗೂ ಹೇಳಿಲ್ಲ."

"ಮತ್ತೆ ಯಾಕೆ ಕಾಯುತ್ತೀ?"

"ಆವಿಗಿ ಮುಚ್ಚಿದ ಮ್ಯಾಲೆ ಒಳಗ ಏನಾಗ್ತದ ಅಂತ ಕುಂಬಾರಗ ಕಾಣೂದಿಲ್ರಿ. ಕಾಣೂದಿಲ್ಲ ಅಂತ ಒಳಗ ಬೆಂಕಿ ಇಲ್ಲ ಅನ್ನಾಕ ಬರ್ತದೇನ್ರಿ?"

ಸರ್ಪ ಅವಳನ್ನೇ ದಿಟ್ಟಿಸಿತು. ಒಪ್ಪಿತೋ ಇಲ್ಲವೋ ತಿಳಿಯದು. ಆದರೆ ಹೆಡೆ ಮುಚ್ಚಿ ಹುತ್ತದಿಂದ ಇಳಿದು ಗರ್ಭಗುಡಿಯ ಕಡೆಗೆ ಹರಿದು ಹೋಯಿತು. ಏಳು ವರ್ಷದಲ್ಲಿ ಅದು ಆ ಕಡೆ ತಲೆ ಹಾಕಿರಲಿಲ್ಲ.

ಮೂರು ಮಣ್ಣೂ ಕೂಡಿದವು. ಹಾಲವ್ವ ತುಳಿದಳು, ಹದ ಮಾಡಿದಳು, ಸುತ್ತು ಸುತ್ತಾಗಿ ಕಟ್ಟಿದಳು, ಹಲಗೆಯಿಂದ ಬಡಿದು ನಯ ಮಾಡಿದಳು. ಅಂಥ ಗುಡಾಣ ಆ ಕೇರಿಯಲ್ಲಿ ಯಾರೂ ಮಾಡಿರಲಿಲ್ಲ. ಇಂಥ ಒಳ್ಳೆಯ ಕೆಲಸ ಇಂಥವನಿಗಾಗಿ ಮಾಡಬೇಕಾಯಿತಲ್ಲ ಎಂದು ಅವಳ ಹೊಟ್ಟೆ ಉರಿಯಿತು. ಆದರೂ ಕೈ ತಪ್ಪು ಮಾಡಲಿಲ್ಲ.

ಗುಡಾಣ ಚಪ್ಪರದ ನೆರಳಲ್ಲಿ ಆರಿತು. ಇನ್ನೇನು ನಾಳೆ ಆವಿಗೆಗೆ ಇಡಬೇಕು, ಅಷ್ಟರಲ್ಲಿ ಮಳೆ ಬಂತು. ಕಾಲವಲ್ಲದ ಕಾಲದಲ್ಲಿ, ಮೋಡದ ಸುಳಿವೂ ಇಲ್ಲದೆ ಬಂದ ಜಿಟಿಜಿಟಿ ಮಳೆ. ಗಾಳಿಯ ತೇವಕ್ಕೆ ಗುಡಾಣದ ಬುಡ ಮತ್ತೆ ಮೆತ್ತಗಾಯಿತು. ಹಸಿ ಇರುವಾಗ ಬೆಂಕಿ ಕೊಟ್ಟರೆ ಒಡೆಯುತ್ತದೆ. ಇನ್ನೂ ಒಂದು ದಿನ ಕಾಯದೆ ಗತಿಯಿರಲಿಲ್ಲ.

ಅಂದು ಹಾಲವ್ವನ ತಾಳ್ಮೆ ಕಳಚಿ ಬಿತ್ತು. ಶಿವನ ಗೂಡಿನ ಮುಂದೆ ನಿಂತು ಸೆರಗು ಕೊಡವಿದಳು. "ಅವನಿಗೆ ಏಳುಪ್ಪರಿಗಿ ಕೊಟ್ಟಿ, ಕೊಡು. ನನ್ನ ಗಂಡನ್ನ ನೀರಾಗ ನಿಲ್ಲಿಸಿದಿ, ನಿಲ್ಲಿಸು. ಈಗ ಮಳೀನೂ ತಂದ್ಯಾ? ದಿನ ತಪ್ಪಿದರ ಅವ ಏನು ಮಾಡ್ತಾನ ನಿನಗ ಗೊತ್ತಿಲ್ಲೇನು? ನಿನಗ ಕಣ್ಣಿಲ್ಲೇನು, ಕಿವಿ ಇಲ್ಲೇನು?" ಆಮೇಲೆ ಅಳುತ್ತಲೇ ಹಣತೆಗೆ ಎಣ್ಣೆ ಹಾಕಿದಳು. ಬೈದದ್ದಕ್ಕೆ ದೀಪ ಬಿಡುವುದು ಸರಿ ಕಾಣಲಿಲ್ಲ.

ಇಪ್ಪತ್ತೆಂಟನೇ ದಿನ ಮುಂಜಾನೆ ಗುಡಾಣವನ್ನು ಆವಿಗೆಯಲ್ಲಿಟ್ಟು, ಸುತ್ತ ಬೆರಣಿ ಕಟ್ಟಿಗೆ ಒಟ್ಟಿ, ಮೇಲೆ ಹುಲ್ಲು ಹಾಸಿ ಮಣ್ಣು ಮೆತ್ತಿದಳು. ಹೊಳಲಾವತಿಯ ಕುಂಬಾರರಲ್ಲಿ ಒಂದು ಕಟ್ಟಳೆಯಿತ್ತು. ಆವಿಗೆಗೆ ಬೆಂಕಿ ಕೊಟ್ಟವರು ಕೈಮುಗಿದು, "ನನ್ನ ಕೈ ಮುಗೀತು, ಇನ್ನ ನಿನ್ನ ಕೈ," ಎಂದು ದೇವರಿಗೆ ಹೇಳಬೇಕು. ಅಲ್ಲಿಂದ ಮೂರು ದಿನ ಆವಿಗೆ ದೇವರ ಪಾಲು. ಕೋಲು ಹಾಕಿ ಕೆದಕುವಂತಿಲ್ಲ, ಇಣುಕಿ ನೋಡುವಂತಿಲ್ಲ. ನಾಲ್ಕನೆಯ ಮುಂಜಾನೆ, ತಣ್ಣಗಾದ ಮೇಲೇ ಮುಟ್ಟಬೇಕು. ಹಾಲವ್ವ ಕೈಮುಗಿದು ಹಾಗೇ ಹೇಳಿದಳು.

ಮೊದಲ ದಿನ ಧೂಮಕೇತ ಬಂದು, "ಆಯಿತೇ?" ಎಂದ.

"ಇಲ್ರಿ. ಮಳಿಗೆ ಒಂದು ದಿನ ಹೋತು. ಮೂವತ್ತೊಂದನೇ ಮುಂಜಾನಿ."

"ಒಂದು ದಿನ ತಾನೇ," ಎಂದು ಅವನು ಹುಬ್ಬು ಗಂಟಿಕ್ಕಿದ. ಆವಿಗೆಗೆ ಮಂತ್ರ ಹಾಕಿ ನೋಡಿದ. ದುಡಿದ ಕೈಯ ಕೆಲಸ ಮಂತ್ರ ಕೇಳಲಿಲ್ಲ.

ಎರಡನೆಯ ದಿನ ಬಂದು, "ಆಯಿತೇ?" ಎಂದ. "ಇಲ್ರಿ," ಎಂದಳು. ಅಂದು ಹಳೆಯ ಗುಡಾಣ ಕಂಠದವರೆಗೆ ತುಂಬಿತು.

ಮೂರನೆಯ ದಿನ, ಅಂದರೆ ಒಟ್ಟು ಲೆಕ್ಕದ ಮೂವತ್ತನೆಯ ದಿನ, ಸೂರ್ಯ ಇಳಿಯುವ ಹೊತ್ತಿಗೆ ಅವನು ಓಡುತ್ತ ಬಂದ. ಬೆನ್ನ ಹಿಂದೆ ನಾಲ್ಕು ಜನ ಹಳೆಯ ಗುಡಾಣ ಹೊತ್ತು ತಂದಿದ್ದರು. ಅದರಲ್ಲಿ ಇನ್ನೊಂದು ಹಿಡಿ ಸಂಜೆಗೂ ಜಾಗವಿರಲಿಲ್ಲ. ಪಡುವಣದಲ್ಲಿ ಕೆಂಪು ಹತ್ತುತ್ತಿತ್ತು.

"ಆಯಿತೇ?"

"ಇಲ್ರಿ! ಒಳಗ ಇನ್ನೂ ಕೆಂಡ ಅದ. ನಾಳೆ ಮುಂಜಾನಿ ತನಕ ತಡೀರಿ."

"ನಾಳೆ!" ಧೂಮಕೇತ ಹಲ್ಲು ಕಡಿದ. ತನ್ನ ಮುನ್ನೂರು ವರ್ಷದ ಬಾಳಿನಲ್ಲಿ ಅವನು ಯಾವುದಕ್ಕೂ ನಾಳೆಯವರೆಗೆ ಕಾದವನಲ್ಲ. ಬೇಕೆಂದದ್ದು ಬೇಕೆಂದ ಕ್ಷಣಕ್ಕೆ ಸಿಕ್ಕಿತ್ತು.

ಅವನು ಕಬ್ಬಿಣದ ಹಾರೆ ಎತ್ತಿದ. ಹಾಲವ್ವ ಅಡ್ಡ ಬಿದ್ದಳು. ನಿಜವಾಗಿಯೇ ಬೇಡಿದಳು, ನಾಟಕವಲ್ಲ. "ಬ್ಯಾಡ್ರಿ, ಒಡೀತದ! ನಿಮ್ಮ ಕಾಲಿಗೆ ಬೀಳ್ತೀನಿ, ಇದು ದೇವರ ಪಾಲಿನ ಹೊತ್ತು, ಮುಟ್ಟಬ್ಯಾಡ್ರಿ!"

"ದೇವರ ಪಾಲನ್ನು ಏಳು ವರ್ಷದಿಂದ ನಾನೇ ಉಣ್ಣುತ್ತಿದ್ದೇನೆ," ಎಂದು ಅವನು ನಕ್ಕು, ಅವಳನ್ನು ಪಕ್ಕಕ್ಕೆ ತಳ್ಳಿ ಆವಿಗೆಯ ಮಣ್ಣನ್ನು ಒಡೆದ. ಕೆಂಪಗೆ ಕಾದ ಗುಡಾಣ ಕಂಡಿತು. ಶಂಖ ಊದಿದ. ಸಂಜೆ ಎದ್ದಿತು, ತಂಪಾಗಿ, ಹೊಂಬಣ್ಣವಾಗಿ, ಗುಡಾಣದ ಬಾಯಿಗೆ ಇಳಿಯಿತು.

ಫಟ್ ಎಂದು ಸದ್ದಾಯಿತು. ಗುಡಾಣ ಕಂಠದಿಂದ ಬುಡದವರೆಗೆ ಸೀಳಿತು.

ಹಾಲವ್ವ ಗುಡಾಣವನ್ನು ನೋಡಲಿಲ್ಲ, ಕೆರೆಯನ್ನು ನೋಡಿದಳು. ಕೊಕ್ಕರೆಯ ಕತ್ತು ಹೂವಿನ ದಂಟಿನಂತೆ ಜೋತು ನೀರಿಗೆ ಬಿತ್ತು. "ಶಿವನೇ," ಎಂದಳು.

ಆದರೆ ಒಂದು ಸಂಜೆ ಹೊರಗೆ ಬಿದ್ದಿತ್ತು. ಅದು ಆವಿಗೆಯಿಂದ ಹರಿದು ದಂಡೆಗೆ ಬಂತು, ದಂಡೆಯಿಂದ ನೀರಿಗೆ ಇಳಿಯಿತು. ಅದು ಮುಟ್ಟಿದಲ್ಲೆಲ್ಲ ಮಾಟ ಬಿಚ್ಚಿಕೊಂಡಿತು, ಕತ್ತು ಮುರಿದ ಮಾಟವೂ. ಹಳೆಯ ಗುಡಾಣದ ಮುಚ್ಚಳಕ್ಕೆ ಕಟ್ಟಿದ ಮಂತ್ರ ಕರಗಿತು. ಏಳು ವರ್ಷದ ಸಂಜೆಗಳೆಲ್ಲ ಒಟ್ಟಿಗೆ ಉಕ್ಕಿ ಬಂದವು. ಧೂಮಕೇತನ ಮುನ್ನೂರು ವರ್ಷವೂ ಮಾಟದ್ದೇ ಆಗಿತ್ತು. ಒಂದೆರಡು ಸಂಜೆಗೆ ಬಿಚ್ಚದಿದ್ದ ಆ ಹಳೆಯ ಗಂಟು ಏಳು ವರ್ಷದ ಸಂಜೆಗೆ ಬಿಚ್ಚಿತು. ಅವನು ನಿಂತ ಜಾಗದಲ್ಲಿ ಒಂದು ಬೊಗಸೆ ಬೂದಿ ಉಳಿಯಿತು. ಗಾಳಿ ಅದನ್ನೂ ಉಳಿಸಲಿಲ್ಲ.

ಕೆರೆಯಲ್ಲಿ ಮೊಣಕಾಲುದ್ದದ ನೀರಿನಿಂದ ಒಬ್ಬ ಮನುಷ್ಯ ತಲೆಯೆತ್ತಿ, ಕತ್ತು ನೀವಿಕೊಂಡು, "ಹಾಲೀ," ಎಂದು ಕರೆದ.

ಹಾಲವ್ವ ಸೀರೆ ಒದ್ದೆಯಾಗುವುದನ್ನೂ ಲೆಕ್ಕಿಸದೆ ನೀರಿಗೆ ಓಡಿದಳು. ಅವರಿಬ್ಬರ ಮಾತು ನಮಗೆ ಬೇಡ.

ಅಂದು ಕತ್ತಲಾಗಲಿಲ್ಲ. ಹದಿನೆಂಟು ದಿನ ಸೂರ್ಯ ಪಡುವಣದ ಅಂಚಿನಲ್ಲೇ ಕುಳಿತ. ಕೂಡಿಟ್ಟ ಸಂಜೆಗಳು ಒಂದರ ಹಿಂದೆ ಒಂದು ಹೊಳಲಾವತಿಯ ಬೀದಿಗಳಲ್ಲಿ ಹಾದುಹೋದವು. ಸುಗ್ಗಿಯ ಸಂಜೆಗೆ ಹುಲ್ಲಿನ ವಾಸನೆ, ಶ್ರಾವಣದ ಸಂಜೆಗೆ ನೆಂದ ಮಣ್ಣಿನ ವಾಸನೆ, ಮಾಗಿಯ ಸಂಜೆಗೆ ಹೊಗೆ. ಅಂಬಿಗ ದೋಣಿ ಹತ್ತಿದ, ಇಳಿಯಲೇ ಇಲ್ಲ. ಕೋಟೆಬಾಗಿಲ ಕಾವಲುಗಾರನ ಮಗಳು ಅಪ್ಪನ ಹೆಗಲಿಗೆ ಬರುವಷ್ಟು ಬೆಳೆದಿದ್ದಳು. ಮೊದಲು ನಾಚಿದಳು, ಆಮೇಲೆ ಬೀದಿಯ ತುದಿಯಿಂದ ಓಡಿ ಬಂದಳು. ಪೂಜಾರಿ ಆರತಿ ಎತ್ತಿದ ಕೈ ಇಳಿಸಲಿಲ್ಲ.

ರುದ್ರವ್ವ ಮಾತ್ರ ಯಾರ ಜೊತೆಗೂ ಸೇರದೆ ತನ್ನ ಕಟ್ಟೆಯ ಮೇಲೆ ಒಬ್ಬಳೇ ಕುಳಿತಿದ್ದಳು. ಅವಳ ಗಂಡ ಆ ಏಳು ವರ್ಷದ ನಡುವೆ ತೀರಿಕೊಂಡಿದ್ದ. ಹಾಲವ್ವ ಹೋಗಿ ಪಕ್ಕದಲ್ಲಿ ಕುಳಿತಾಗ ಮುದುಕಿ ಬೆಳಕಿನ ಕಡೆ ಕೈ ತೋರಿಸಿ ಮೆಲ್ಲಗೆ, "ಇದು ಎರಡನೇ ವರ್ಷದ ಸಂಜಿ ನೋಡು. ಆವಾಗ ನಮ್ಮವರು ಇದ್ರು," ಎಂದಳು. ಆ ಸಂಜೆ ದಾಟಿ ಹೋಗುವವರೆಗೆ ಹಾಲವ್ವ ಅವಳ ಪಕ್ಕದಿಂದ ಏಳಲಿಲ್ಲ.

ಆಮೇಲೆ ಎಲ್ಲ ನಾಡಿನಲ್ಲಿ ಆಗುವಂತೆ ಅಲ್ಲಿಯೂ ದಿನಕ್ಕೊಂದೇ ಸಂಜೆ ಬರತೊಡಗಿತು. ಅರಸ ನಾಚಿಕೆಯಿಂದ ತಗ್ಗಿ ನಡೆದ, ಏಳುಪ್ಪರಿಗೆಯ ಮನೆಯಲ್ಲಿ ದನ ಕಟ್ಟಿದರು, ಮಳೆ ಬೆಳೆ ಹದವಾಗಿ ಬಂದವು, ಹೊಳಲಾವತಿಯ ಮಂದಿ ಹಾಲು ಅನ್ನ ಉಂಡುಕೊಂಡು ನೆಮ್ಮದಿಯಾಗಿದ್ದರು.

ಒಂದು ದಿನ ಕೆರೆಯ ದಂಡೆಯಲ್ಲಿ ಕುಳಿತಾಗ ಬಸವಂತ ಹೆಂಡತಿಯನ್ನು ಕೇಳಿದ.

"ಹಾಲೀ, ಏಳು ವರ್ಷ ಅವ ಮೆರದಾ, ನಾವು ಅತ್ತಿವಿ. ನಿನಗ ಒಂದ ದಿನಾನೂ ಶಿವನ ಮ್ಯಾಲೆ ಸಿಟ್ಟು ಬರಲಿಲ್ಲೇನು?"

"ಬಂತ್ರಿ. ದಿನಾ ಬಂತು."

"ಮತ್ತ?"

ಹಾಲವ್ವ ಕಾಲನ್ನು ನೀರಿನಲ್ಲಿ ಆಡಿಸಿದಳು.

"ಸಿಟ್ಟು ಮಾಡಾಕಾದ್ರೂ ಶಿವ ಒಬ್ಬ ಇದ್ದನಲ್ರಿ," ಎಂದಳು.